ಮೀನಿನ ಟ್ಯಾಂಕಿಗೆ ಯಾವ ಹೊಯ್ಗೆ? ಮಂಗಳೂರು, ಉಡುಪಿಯವರಿಗೆ ಒಂದು ಹೋಲಿಕೆ

ಮಂಗಳೂರು, ಉಡುಪಿ ಕಡೆ ಅಕ್ವೇರಿಯಂ ಇಡುವವರಿಗೆ ಮರಳಿಗೆ ಬರ ಇಲ್ಲ. ಪಡುವಣಕ್ಕೆ ಹೋದರೆ ಕಡಲು, ಮೂಡಣಕ್ಕೆ ಹೋದರೆ ಹೊಳೆ. ಪಕ್ಕದ ಜಾಗದಲ್ಲಿ ಯಾರದಾದರೂ ಮನೆ ಏಳುತ್ತಿದ್ದರೆ ಗೇಟಿನ ಎದುರೇ ರಾಶಿ ಬಿದ್ದಿರುತ್ತದೆ. ಹೀಗಿರುವಾಗ ದುಡ್ಡು ಕೊಟ್ಟು ಹೊಯ್ಗೆ ತರುವುದು ಯಾಕೆ ಅಂತ ಅನ್ನಿಸುವುದು ಸಹಜ.

ಇದಕ್ಕೆ ಉತ್ತರ ಹುಡುಕಬೇಕಾದದ್ದು ನಮ್ಮ ನೀರಿನಲ್ಲಿ. ಕರಾವಳಿಯ ಬಾವಿ ನೀರು ಬಹಳ ಮೆದು. ಅದರಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಇಂಥ ನೀರಿಗೆ ತಳದಲ್ಲಿ ಏನು ಹಾಕುತ್ತೀರೋ ಅದರ ಗುಣ ಬೇಗ ಹಿಡಿಯುತ್ತದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗೆ ಒಂದು ಹಿಡಿ ಚಿಪ್ಪಿನ ಚೂರು ಬಿದ್ದರೆ ಗೊತ್ತೂ ಆಗುವುದಿಲ್ಲ. ಅದೇ ಹಿಡಿ ಕಂಕನಾಡಿಯ ಬಾವಿ ನೀರಿಗೆ ಬಿದ್ದರೆ ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ, ಬೇಗನೆ ಮೇಲೆ ಹೋಗಬಹುದು. ಬೇರೆ ಊರಿನವರ ವಿಡಿಯೋ ನೋಡಿಕೊಂಡು ಮರಳು ಆರಿಸಿದರೆ ನಮಗೆ ಸರಿಹೋಗದೆ ಇರುವುದು ಇದಕ್ಕೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಿಹಿನೀರಿನ ಸಾಮಾನ್ಯ ಟ್ಯಾಂಕಿಗೆ, ನೀರಿನ ಫಿಲ್ಟರಿಗೆ ತುಂಬುವ ಸಿಲಿಕಾ ಮರಳು ಮೊದಲ ಆಯ್ಕೆ. ಮೇಲಿನ ಊರುಗಳ ಹೊಳೆ ಮರಳು ಎರಡನೆಯದು. ಕಡಲ ಮರಳು ಬೇಡ, ಕಲ್ಲು ಒಡೆದು ಮಾಡಿದ ಎಂ-ಸ್ಯಾಂಡ್ ಬೇಡವೇ ಬೇಡ. ಅಂಗಡಿಯ ಬಣ್ಣದ ಕಲ್ಲು, ಗಿಡಕ್ಕೆಂದು ಮಾರುವ ಮಣ್ಣಿನ ಉಂಡೆ ಆಕ್ವಾ ಸಾಯಿಲ್ ಇವೆಲ್ಲ ನೀವು ಯಾವ ಮೀನು ಸಾಕುತ್ತೀರಿ, ಗಿಡ ನೆಡುತ್ತೀರಾ ಎನ್ನುವುದರ ಮೇಲೆ ನಿಂತಿದೆ.

ಮೊದಲು ನಿಮ್ಮ ನೀರು ನೋಡಿ

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ನೆಲದಡಿ ಇರುವುದು ಮುರಕಲ್ಲು. ಯುಗಗಳಿಂದ ಮಳೆ ತೊಳೆದೂ ತೊಳೆದೂ ಅದರಲ್ಲಿ ಕಬ್ಬಿಣ, ಅಲ್ಯುಮಿನಿಯಂ ಉಳಿದಿದೆ, ಸುಣ್ಣ ಕೊಚ್ಚಿ ಹೋಗಿದೆ. ಮುರಕಲ್ಲಿನ ಮೂಲಕ ಬಾವಿಗೆ ಇಳಿಯುವ ನೀರಿಗೆ ಕರಗಿಸಿಕೊಳ್ಳಲು ಹೆಚ್ಚೇನೂ ಸಿಗುವುದಿಲ್ಲ. ಸೋಪು ಹಚ್ಚಿದರೆ ಜಾರುತ್ತಲೇ ಇರುವ ನೀರು ಇದು. ಹಲವು ಬಾವಿಗಳಲ್ಲಿ ಪಿಎಚ್ 6ರ ಆಸುಪಾಸು ಇರುತ್ತದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, ನೂರರೊಳಗೆ ಇರುವುದು ಸಾಮಾನ್ಯ.

ನಳ್ಳಿ ನೀರಿನ ಕಥೆಯೂ ಹೆಚ್ಚು ಬೇರೆಯಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ ಬರುತ್ತದೆ, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಎರಡೂ ಘಟ್ಟದಿಂದ ಇಳಿದು ಬಂದ ಮೆದು ನೀರು. ಕ್ಲೋರಿನ್ ಇರುತ್ತದೆ, ಅದನ್ನು ತೆಗೆಯಬೇಕು. ಆದರೆ ಅದು ಮರಳಿಗೆ ಸಂಬಂಧಪಟ್ಟ ವಿಷಯ ಅಲ್ಲ.

ಬೋರ್‌ವೆಲ್ ಇರುವ ಮನೆಯವರು ಮಾತ್ರ ಬೇರೆ ಲೆಕ್ಕ ಹಾಕಬೇಕು. ಆಳದ ಕಲ್ಲಿನ ಸಂದಿಯಿಂದ ಬರುವ ನೀರು ಬಾವಿ ನೀರಿಗಿಂತ ಗಡಸು. ಕಬ್ಬಿಣವೂ ಜಾಸ್ತಿ ಇರಬಹುದು, ಬಕೆಟಿನ ಒಳಗೆ ಕೆಂಪು ಕಲೆ ಬೀಳುವುದು ಅದರಿಂದ. ಇನ್ನು ಕಡಲ ಬದಿಯ ಮನೆಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಬಾವಿ ನೀರು ಉಪ್ಪಾಗುವುದುಂಟು. ಆಗ ಟ್ಯಾಂಕರ್ ನೀರು ತರಿಸಿದರೆ ಅದು ಯಾವ ಬಾವಿಯದ್ದೋ. ಹಾಗಾಗಿ ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅಳೆದು ನೋಡುವುದು ಒಳ್ಳೆಯದು. ಆರ್‌ಓ ರಿಪೇರಿಯವರ ಕೈಯಲ್ಲಿ ಇರುತ್ತದಲ್ಲ, ಆ ಪೆನ್ನಿನಂಥ ಟಿಡಿಎಸ್ ಮೀಟರ್ ಸಾಕು. ಜೊತೆಗೆ ಪಿಎಚ್ ನೋಡುವ ಹನಿ ಬಾಟಲಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ.

ಮೆದು ನೀರು ಒಳ್ಳೆಯದಾ ಕೆಟ್ಟದ್ದಾ? ನಿಯಾನ್ ಟೆಟ್ರಾ, ಏಂಜಲ್, ಫೈಟರ್ ಮೀನುಗಳಿಗೆ ಇದು ಹೇಳಿ ಮಾಡಿಸಿದ ನೀರು. ಗಪ್ಪಿ, ಮೋಲಿ, ಪ್ಲಾಟಿ ಸಾಕುವವರಿಗೆ ಸ್ವಲ್ಪ ಕಷ್ಟ, ಅವಕ್ಕೆ ಸುಣ್ಣದ ಅಂಶ ಬೇಕು. ಇನ್ನೊಂದು ಸಮಸ್ಯೆಯನ್ನು ಯಾರೂ ಹೇಳುವುದಿಲ್ಲ. ಮೀನಿನ ಹೇಲು, ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಆ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಗಡಸು ನೀರು ಆ ಆಮ್ಲವನ್ನು ತಡೆದುಕೊಳ್ಳುತ್ತದೆ. ನಮ್ಮ ನೀರಿಗೆ ಆ ಶಕ್ತಿ ಇಲ್ಲ. ತಿಂಗಳುಗಟ್ಟಲೆ ನೀರು ಬದಲಿಸದೆ ಬಿಟ್ಟ ಟ್ಯಾಂಕಿನಲ್ಲಿ ಪಿಎಚ್ ಕುಸಿದು ಬ್ಯಾಕ್ಟೀರಿಯಾಗಳೇ ಮಂಕಾಗುತ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಚಿಪ್ಪಿನ ವಿಷಯ ಬಂದಾಗ ಬೇಕಾಗುತ್ತದೆ.

ಮರಳನ್ನು ಮನೆಯಲ್ಲೇ ಪರೀಕ್ಷಿಸುವುದು

ಯಾವ ಮರಳು ತಂದರೂ ಮೂರು ವಿಷಯ ನೋಡಬೇಕು. ಅದರಲ್ಲಿ ಸುಣ್ಣ ಇದೆಯಾ, ಕಾಳು ಚುಚ್ಚುತ್ತದಾ, ಗಾತ್ರ ಎಷ್ಟು.

ಸುಣ್ಣ ನೋಡಲು ವಿನೆಗರ್ ಸಾಕು. ಮಂಗಳೂರಿನಲ್ಲಿ ಎಷ್ಟೋ ಅಡುಗೆಮನೆಗಳಲ್ಲಿ ಕಳ್ಳಿನ ವಿನೆಗರ್ ಇದ್ದೇ ಇರುತ್ತದೆ, ಅದೂ ಆಗುತ್ತದೆ. ಮರಳನ್ನು ಮೊದಲು ಚೆನ್ನಾಗಿ ಒಣಗಿಸಿ. ಒಂದು ಚಮಚ ತಟ್ಟೆಗೆ ಹಾಕಿ ಮುಳುಗುವಷ್ಟು ವಿನೆಗರ್ ಹೊಯ್ಯಿರಿ. ಸುರಿದ ಕೂಡಲೇ ನಾಲ್ಕು ಗುಳ್ಳೆ ಬಂದರೆ ಗಾಬರಿ ಬೇಡ, ಅದು ಕಾಳಿನ ನಡುವೆ ಸಿಕ್ಕಿದ ಗಾಳಿ. ಆಮೇಲೂ ಸಣ್ಣ ಸಣ್ಣ ಗುಳ್ಳೆ ಒಂದೇ ಕಾಳಿನಿಂದ ಸಾಲಾಗಿ ಏಳುತ್ತಿದ್ದರೆ ಅದು ಚಿಪ್ಪು ಅಥವಾ ಸುಣ್ಣಕಲ್ಲು. ಕಿವಿ ಹತ್ತಿರ ಹಿಡಿದರೆ ಸುಂಯ್ ಎನ್ನುವ ಸದ್ದೂ ಕೇಳಬಹುದು.

ವಿನೆಗರ್ ಬಡಪಾಯಿ ಆಮ್ಲ. ಸುಣ್ಣ ಕಡಿಮೆ ಇದ್ದರೆ ಗುಳ್ಳೆ ಕಣ್ಣಿಗೆ ಬೀಳದೆ ಹೋಗಬಹುದು. ಕೆಲವರು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ನೋಡುತ್ತಾರೆ. ಗುಳ್ಳೆಯೇನೋ ಚೆನ್ನಾಗಿ ಬರುತ್ತದೆ, ಆದರೆ ಅದರ ಹೊಗೆ, ಚಿಮ್ಮುವ ಹನಿ ಎರಡೂ ಅಪಾಯ. ಮಕ್ಕಳಿರುವ ಮನೆಯಲ್ಲಂತೂ ಬೇಡ. ನನಗೆ ಹೆಚ್ಚು ನಂಬಿಕೆ ಇರುವುದು ಬಾಟಲಿ ಪರೀಕ್ಷೆಯ ಮೇಲೆ. ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಎರಡಕ್ಕೂ ಟ್ಯಾಂಕಿಗೆ ಹಾಕುವ ನೀರನ್ನೇ ತುಂಬಿಸಿ. ಒಂದಕ್ಕೆ ಮಾತ್ರ ತೊಳೆದ ಮರಳು ಕಾಲು ಭಾಗ ಹಾಕಿ. ಒಂದು ವಾರ ಬಿಟ್ಟು ಎರಡರ ಪಿಎಚ್, ಟಿಡಿಎಸ್ ಅಳೆಯಿರಿ. ಟಿಡಿಎಸ್‌ನಲ್ಲಿ ಹತ್ತಿಪ್ಪತ್ತರ ವ್ಯತ್ಯಾಸ ಪರವಾಗಿಲ್ಲ. ಮರಳಿನ ಬಾಟಲಿಯಲ್ಲಿ ಟಿಡಿಎಸ್ ದುಪ್ಪಟ್ಟಾಗಿದ್ದರೆ, ಪಿಎಚ್ ಏರಿದ್ದರೆ ಆ ಮರಳು ನೀರಿಗೆ ಏನೋ ಬಿಡುತ್ತಿದೆ ಎಂದೇ ಅರ್ಥ. ಮರಳಿಲ್ಲದ ಬಾಟಲಿ ಯಾಕೆ ಬೇಕು ಅಂದರೆ, ಬಾವಿ ನೀರು ಸುಮ್ನೆ ಇಟ್ಟರೂ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಸ್ವಲ್ಪ ಬದಲಾಗುತ್ತದೆ. ಅದನ್ನು ಮರಳಿನ ತಲೆಗೆ ಕಟ್ಟಬಾರದು ಅಲ್ವಾ.

ಚುಚ್ಚುತ್ತದಾ ಎಂದು ನೋಡಲು ಒದ್ದೆ ಮರಳನ್ನು ಅಂಗೈಯಲ್ಲಿ ಹಾಕಿ ಬೆರಳಿನಿಂದ ತಿಕ್ಕಿ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದರೆ ಕಾಳಿನ ಮೂಲೆಗಳು ಚೆನ್ನಾಗಿ ಕಾಣುತ್ತವೆ. ಹೊಳೆ ನೀರಿನಲ್ಲಿ ಉರುಳಿ ಬಂದದ್ದಾದರೆ ಮೂಲೆ ಸವೆದಿರುತ್ತದೆ. ಯಂತ್ರದಲ್ಲಿ ಒಡೆದದ್ದಾದರೆ ಗಾಜಿನ ಚೂರಿನಂತೆ ಕಾಣುತ್ತದೆ.

ಗಾತ್ರ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಇದ್ದರೆ ಬಹಳ ಒಳ್ಳೆಯದು. ಅದಕ್ಕಿಂತ ನುಣ್ಣಗಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ, ಪಂಪಿಗೂ ನುಗ್ಗುತ್ತದೆ. ಎರಡು ಮಿಲಿಮೀಟರ್ ದಾಟಿದರೆ ಆಹಾರ, ಹೇಲು ಸಂದಿಗೆ ಇಳಿದು ಅಲ್ಲೇ ಕೊಳೆಯುತ್ತದೆ. ಸೊಳ್ಳೆ ಬಾರದಂತೆ ಕಿಟಕಿಗೆ ಹೊಡೆಯುವ ಜಾಲರಿಯ ಕಣ್ಣು ಒಂದು ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ಅದರ ಒಂದು ತುಂಡಿನಲ್ಲಿ ಜರಡಿ ಹಿಡಿದರೆ ದಪ್ಪ ಕಲ್ಲು ಮೇಲೆ ಉಳಿಯುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಮತ್ತೊಮ್ಮೆ ಆಡಿಸಿದರೆ ಪುಡಿ ಕೆಳಗೆ ಬೀಳುತ್ತದೆ. ನಡುವೆ ಉಳಿದದ್ದು ನಮಗೆ ಬೇಕಾದದ್ದು.

ಫಿಲ್ಟರ್ ಮರಳು

ಈಜುಕೊಳದ ಫಿಲ್ಟರಿಗೆ, ಬೋರ್‌ವೆಲ್ ನೀರಿನ ದೊಡ್ಡ ಫಿಲ್ಟರ್ ಸಿಲಿಂಡರಿಗೆ ತುಂಬುವ ಮರಳು ಇದು. ಬಹುಪಾಲು ಬರೀ ಸ್ಫಟಿಕಶಿಲೆ, ಅಂದರೆ ಸಿಲಿಕಾ. ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ ಅಲುಗಾಡಿಸುವುದಿಲ್ಲ. ಮುಖ್ಯ ಲಾಭ ಏನೆಂದರೆ ಕಾಳುಗಳು ಒಂದೇ ಗಾತ್ರಕ್ಕೆ ಜರಡಿ ಹಿಡಿದವು. ಚೀಲದ ಮೇಲೆ 16/30 ಎಂದು ಇದ್ದರೆ ಕಾಳು ಸುಮಾರು 0.6ರಿಂದ 1.2 ಮಿಲಿಮೀಟರ್. ನಮಗೆ ಅದೇ ಬೇಕು. ಒಂದೇ ಗಾತ್ರದ ಕಾಳಿನ ನಡುವೆ ನೀರು ಓಡಾಡುತ್ತದೆ, ಹಾಗಾಗಿ ಬೇಗ ಕಲ್ಲುಗಟ್ಟುವುದಿಲ್ಲ.

ಇದನ್ನು ಅಕ್ವೇರಿಯಂ ಅಂಗಡಿಯಲ್ಲಿ ಕೇಳುವುದಕ್ಕಿಂತ ನೀರಿನ ಫಿಲ್ಟರ್ ಕೂರಿಸುವವರ ಹತ್ತಿರ ಕೇಳಿ. ಒಂದು ಚೀಲ ತೆಗೆದರೆ ಒಂದಕ್ಕಿಂತ ಹೆಚ್ಚು ಟ್ಯಾಂಕಿಗೆ ಬರುತ್ತದೆ. ಗೆಳೆಯರ ಜೊತೆ ಹಂಚಿಕೊಳ್ಳಬಹುದು. ಕೇಳುವಾಗ ಎಚ್ಚರ ಇರಲಿ. ಕಬ್ಬಿಣ ತೆಗೆಯುವ ಫಿಲ್ಟರಿಗೆ ಕಪ್ಪು, ಕಂದು ಬಣ್ಣದ ಬೇರೆ ಕಾಳು ಹಾಕುತ್ತಾರೆ, ಅದಕ್ಕೆ ಮ್ಯಾಂಗನೀಸ್ ಲೇಪ ಇರುತ್ತದೆ. ಅದು ಬೇಡ. ಸಾದಾ ಫಿಲ್ಟರ್ ಮರಳು ಸಾಕು ಎನ್ನಿ. ಫಿಲ್ಟರಿನಿಂದ ತೆಗೆದ ಹಳೆ ಮರಳನ್ನು ಪುಕ್ಕಟೆ ಕೊಡುತ್ತೇನೆ ಎಂದರೂ ತರಬೇಡಿ. ವರ್ಷಗಟ್ಟಲೆ ಹಿಡಿದ ಕೊಳೆ, ಕಬ್ಬಿಣ ಎಲ್ಲ ಅದರಲ್ಲೇ ಇರುತ್ತದೆ.

ಸಿಲಿಕಾ ಅಂದರೆ ಕಂದು ಪಾಚಿ ಜಾಸ್ತಿ ಆಗುತ್ತದೆ ಎಂದು ಹೆದರಿಸುವವರಿದ್ದಾರೆ. ಸ್ಫಟಿಕಶಿಲೆಯಿಂದ ನೀರಿಗೆ ಬರುವ ಸಿಲಿಕಾ ತೀರಾ ಅಲ್ಪ. ನಮ್ಮ ಬಾವಿ ನೀರಿನಲ್ಲೇ ಅದಕ್ಕಿಂತ ಜಾಸ್ತಿ ಕರಗಿರುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ನಮ್ಮ ಶ್ವಾಸಕೋಶಕ್ಕೆ. ಒಣ ಸಿಲಿಕಾ ಧೂಳು ಒಳಗೆ ಹೋಗುವುದು ಒಳ್ಳೆಯದಲ್ಲ. ಚೀಲ ಬಿಚ್ಚಿದ ಕೂಡಲೇ ನೀರು ಚಿಮುಕಿಸಿ, ಆಮೇಲೆ ಸುರಿಯಿರಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಒಂದೇ ಕೊರತೆ ಬಣ್ಣದ್ದು. ಬಿಳಿ ಅಥವಾ ತೆಳು ಕಂದು ಮಾತ್ರ. ತೀರಾ ಬಿಳಿ ತಳದ ಮೇಲೆ ಕೆಲವು ಮೀನುಗಳ ಬಣ್ಣ ಮಂಕಾಗುತ್ತದೆ, ಹೇಲೂ ಎದ್ದು ಕಾಣುತ್ತದೆ. ತೆಳು ಕಂದು ಸಿಕ್ಕಿದರೆ ಅದನ್ನೇ ಆರಿಸಿ.

ಹೊಳೆ ಮರಳು

ನೋಡಲು ಇದಕ್ಕಿಂತ ಚಂದದ್ದು ಇಲ್ಲ. ಕಂದು, ಬಿಳಿ, ಅಲ್ಲೊಂದು ಇಲ್ಲೊಂದು ಹೊಳೆಯುವ ಅಭ್ರಕದ ಚೂರು. ನಮ್ಮ ಹೊಳೆಗಳಲ್ಲೇ ಹುಟ್ಟುವ ಮೀನು ಸಾಕಿದರೆ ಅವು ಇದರ ಮೇಲೆ ಊರಿನಲ್ಲೇ ಇದ್ದಂತೆ ಕಾಣುತ್ತವೆ. ಘಟ್ಟದ ಕಲ್ಲು ಒಡೆದು ಬಂದ ಮರಳಾದ್ದರಿಂದ ಸುಣ್ಣ ಹೆಚ್ಚಿರುವುದಿಲ್ಲ.

ಆದರೆ ಹೊಳೆಯ ಯಾವ ಭಾಗದ ಮರಳು ಎನ್ನುವುದು ಬಹಳ ಮುಖ್ಯ. ಉಪ್ಪಿನಂಗಡಿ, ಬಂಟ್ವಾಳದ ಕಡೆಯ ನೇತ್ರಾವತಿ ಮರಳು ಒಂದು. ಅಳಿವೆಯ ಹತ್ತಿರ, ಉಬ್ಬರದ ನೀರು ಏರಿಬರುವ ಜಾಗದ ಮರಳು ಮತ್ತೊಂದು. ಕೂಳೂರು, ಉಳ್ಳಾಲ, ಉದ್ಯಾವರದ ಕಡೆ ಉಪ್ಪುನೀರು ಬೆರೆತ ಹೊಳೆಯಲ್ಲಿ ಮರುವಾಯಿ ಎನ್ನುವ ಚಿಪ್ಪುಜೀವಿ ಬೆಳೆಯುತ್ತದೆ. ಸತ್ತ ಮರುವಾಯಿಯ ಚಿಪ್ಪು ಪುಡಿಯಾಗಿ ಮರಳಿನಲ್ಲಿ ಸೇರಿರುತ್ತದೆ. ಸುಣ್ಣ ಸುಡಲು ಬಳಸುತ್ತಿದ್ದದ್ದು ಇಂಥ ಚಿಪ್ಪನ್ನೇ, ಅಂದ ಮೇಲೆ ಅದು ಪಿಎಚ್‌ಗೆ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಲಾರಿಯವರು ಹೊಳೆ ಮರಳು ಎಂದೇ ಹೇಳುತ್ತಾರೆ, ಸುಳ್ಳೂ ಅಲ್ಲ. ವಿನೆಗರ್ ಹಾಕಿದರೆ ಎಲ್ಲಿಯದು ಎಂಬುದರ ಅಂದಾಜು ಸಿಗುತ್ತದೆ.

ಎರಡನೆಯ ವಿಷಯ, ಮರಳು ಎಲ್ಲಿ ಬಿದ್ದಿತ್ತು ಎನ್ನುವುದು. ಕೆಲಸ ನಡೆಯುವ ಜಾಗದ ರಾಶಿಯಲ್ಲಿ ಸಿಮೆಂಟಿನ ಪುಡಿ ಬೆರೆತಿರಬಹುದು. ಸಿಮೆಂಟೂ ಪಿಎಚ್ ಏರಿಸುತ್ತದೆ, ಚಿಪ್ಪಿಗಿಂತ ಜೋರಾಗಿ. ಮೊಳೆ, ತಂತಿ, ಡೀಸೆಲ್ ಹನಿ ಇರಬಹುದು. ಬೀದಿನಾಯಿ, ಬೆಕ್ಕುಗಳಿಗೆ ಮರಳ ರಾಶಿ ಎಂದರೆ ಯಾವ ಜಾಗ ಎಂದು ಎಲ್ಲರಿಗೂ ಗೊತ್ತು. ಮೇಸ್ತ್ರಿಯವರ ಹತ್ತಿರ ಹೇಳಿ, ಹೊಸ ಲೋಡು ಬಂದ ದಿನ ನಡುವಿನಿಂದ ಎರಡು ಬುಟ್ಟಿ ತೆಗೆದುಕೊಳ್ಳಿ. ಇಷ್ಟಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ಮಳೆಗಾಲದಲ್ಲಿ ಹೊಳೆಯಿಂದ ಮರಳು ತೆಗೆಯುವುದು ನಿಲ್ಲುತ್ತದೆ, ಆಗ ಸಿಗುವುದು ಹಳೆ ದಾಸ್ತಾನು ಮಾತ್ರ. ನೀವೇ ಚೀಲ ಹಿಡಿದು ಹೊಳೆಗೆ ಇಳಿಯುವ ಯೋಚನೆ ಬೇಡ. ಕಾನೂನಿನ ಕಿರಿಕಿರಿ ಒಂದು ಕಡೆ, ಮರಳು ತೆಗೆದ ಗುಂಡಿಗಳ ಅಪಾಯ ಇನ್ನೊಂದು ಕಡೆ.

ಕೆಂಪು ಮಣ್ಣು ಜಾಸ್ತಿ ಇರುವುದರಿಂದ ಹೊಳೆ ಮರಳು ತೊಳೆಯಲು ತಾಳ್ಮೆ ಬೇಕು. ತೊಳೆದ ಮೇಲೆ ಕುದಿಯುವ ನೀರು ಹೊಯ್ದು ಆರಲು ಬಿಡಿ. ಬಸವನಹುಳದ ಮೊಟ್ಟೆ, ಜಿಗಣೆ, ಹುಳ ಇದ್ದರೆ ಸಾಯುತ್ತವೆ. ಬಳಿಕ ಎರಡು ದಿನ ಅಂಗಳದ ಬಿಸಿಲಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ. ಸೋಪು, ಡೆಟಾಲ್ ಮುಟ್ಟಿಸಲೇ ಬಾರದು.

ಕಡಲ ಮರಳು

ಪಣಂಬೂರು, ತಣ್ಣೀರುಬಾವಿ, ಮಲ್ಪೆ, ಕಾಪು. ಸಂಜೆ ತಿರುಗಾಡಲು ಹೋದವರಿಗೆ ಒಂದು ಚೀಲ ತುಂಬಿಕೊಂಡು ಬರುವ ಆಸೆ ಆಗುತ್ತದೆ. ಉಪ್ಪು ತಾನೇ, ತೊಳೆದರೆ ಹೋಗುತ್ತದೆ ಎನ್ನುತ್ತಾರೆ. ಉಪ್ಪು ಹೋಗುತ್ತದೆ, ನಿಜ. ಚಿಪ್ಪು ಹೋಗುವುದಿಲ್ಲ. ಎಷ್ಟು ಬಕೆಟ್ ನೀರು ಹೊಯ್ದರೂ ಅದು ಮರಳಿನ ಜೊತೆಗೇ ಕೂತಿರುತ್ತದೆ. ಜೊತೆಗೆ ನಮ್ಮ ಬೀಚ್ ಮರಳು ಹಲವು ಕಡೆ ತೀರಾ ನುಣುಪು. ಬೀಸುವ ನೀರಿಗೆ ಎದ್ದು ಪಂಪಿನೊಳಗೆ ಹೋಗುತ್ತದೆ. ಕೆಲವು ಕಡೆ ಕಾಣುವ ಕಪ್ಪು ಗೆರೆಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಕಾಳೂ ಇರುತ್ತದೆ. ಪಂಪಿನ ತಿರುಗುವ ಭಾಗದಲ್ಲಿ ಅಯಸ್ಕಾಂತವೇ ಇರುವುದು, ಆ ಕಾಳು ಹೋಗಿ ಅಲ್ಲಿ ಮೆತ್ತಿಕೊಂಡರೆ ಸವೆತ ಶುರು.

ಇದೆಲ್ಲ ಬಿಡಿ, ತೀರದಿಂದ ಮರಳು ತೆಗೆಯಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮಗಳ ಕಟ್ಟುಪಾಡೂ ಇದೆ. ಉಳ್ಳಾಲ, ಸೋಮೇಶ್ವರದಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಸುದ್ದಿ. ಅಲ್ಲಿನವರ ಎದುರು ಮರಳಿನ ಚೀಲ ಹೊತ್ತು ನಡೆಯುವುದು ಚಂದ ಅಲ್ಲ ಮಾರಾಯ್ರೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಚಿಪ್ಪು ಕೂಡ ಹಾಗೆಯೇ, ಅಲ್ಲೇ ಇರಲಿ.

ಹಾಗಾದರೆ ಚಿಪ್ಪು ಯಾವಾಗಲೂ ಶತ್ರುವಾ? ಅಲ್ಲ. ಇಲ್ಲೇ ನಮ್ಮ ಮೆದು ನೀರಿನ ಮಾತು ಮತ್ತೆ ಬರುವುದು. ಚಿಪ್ಪು ಆಮ್ಲದ ನೀರಿನಲ್ಲಿ ಬೇಗ ಕರಗುತ್ತದೆ. ಪಿಎಚ್ ಏರುತ್ತಾ ಹೋದಂತೆ ನಿಧಾನವಾಗುತ್ತದೆ, 8ರ ಆಸುಪಾಸಿಗೆ ಬಂದಾಗ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಗಪ್ಪಿ, ಮೋಲಿ ಸಾಕುವವರಿಗೆ, ಪಿಎಚ್ ಪದೇಪದೇ ಕುಸಿಯುವ ಟ್ಯಾಂಕಿನವರಿಗೆ ಸ್ವಲ್ಪ ಚಿಪ್ಪು ಔಷಧಿ ಇದ್ದಂತೆ. ಆದರೆ ಅದನ್ನು ತಳಕ್ಕೆ ಹಾಸಬೇಡಿ. ತಳಕ್ಕೆ ಹಾಸಿದರೆ ಎಷ್ಟು ಕರಗುತ್ತದೆ ಎನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ, ಬೇಡವಾದರೆ ತೆಗೆಯಲೂ ಆಗುವುದಿಲ್ಲ. ಸಾರು ಮಾಡಿ ಉಳಿದ ಮರುವಾಯಿ ಚಿಪ್ಪನ್ನು ಮಾಂಸ ಉಳಿಯದಂತೆ ಉಜ್ಜಿ, ಕುದಿಸಿ, ಒಣಗಿಸಿ, ಒರಟಾಗಿ ಜಜ್ಜಿ. ಒಂದು ಹಿಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಡಿ. ಪಿಎಚ್ ಜಾಸ್ತಿ ಆಯಿತಾ, ಚೀಲ ಹೊರಗೆ ತೆಗೆದರೆ ಮುಗಿಯಿತು.

ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಸಾಕುವವರಿಗೆ, ಕಡಲಿನ ಮೀನು ಸಾಕುವವರಿಗೆ ಮಾತ್ರ ಸುಣ್ಣದ ತಳವೇ ಬೇಕು. ಅವರಿಗೂ ಅಂಗಡಿಯಲ್ಲಿ ಸಿಗುವ ಅರಗೊನೈಟ್ ಮರಳೇ ಒಳ್ಳೆಯದು. ಬೀಚಿನ ಮರಳಿನ ಜೊತೆ ಎಣ್ಣೆ, ಪ್ಲಾಸ್ಟಿಕ್ ಚೂರು ಏನೇನು ಬರುತ್ತದೋ.

ಎಂ-ಸ್ಯಾಂಡ್

ಕಪ್ಪು ಕಲ್ಲು ಒಡೆದು ಮಾಡಿದ್ದು. ಮನೆ ಕಟ್ಟಲು ಒಳ್ಳೆಯದು. ಮೂಲೆ ಚೂಪು, ಪುಡಿ ಮುಗಿಯುವುದೇ ಇಲ್ಲ. ತಳದಲ್ಲಿ ಮೂತಿ ಉಜ್ಜುವ ಮೀನು ಇದ್ದರೆ ಖಂಡಿತ ಬೇಡ. ಹೊಳೆ ಮರಳು ಎಂದು ಇದನ್ನು ಕೊಟ್ಟರೆ ಬೂದು ಬಣ್ಣ, ಕೈಗೆ ಮೆತ್ತುವ ಧೂಳು ನೋಡಿ ಗೊತ್ತಾಗುತ್ತದೆ.

ಅಂಗಡಿಯ ಚೀಲಗಳು

ಬಣ್ಣದ ಕಲ್ಲು ಮಕ್ಕಳಿಗೆ ಇಷ್ಟ, ಅಂಗಡಿಯವರಿಗೂ ಇಷ್ಟ. ಒಳ್ಳೆಯದಕ್ಕೆ ಗಟ್ಟಿ ಲೇಪ ಇರುತ್ತದೆ, ಅಗ್ಗದ್ದಕ್ಕೆ ಬರೀ ಬಣ್ಣ. ಬಿಸಿನೀರಿನಲ್ಲಿ ಒಂದು ರಾತ್ರಿ ಬಿಳಿ ಬಟ್ಟಲಲ್ಲಿ ನೆನೆಸಿಡಿ. ನೀರಿಗೆ ಬಣ್ಣ ಬಿಟ್ಟರೆ, ಉಗುರಿನಿಂದ ಕೆರೆದಾಗ ಸಿಪ್ಪೆ ಎದ್ದರೆ ವಾಪಸ್ ಕೊಡಿ.

ಬಣ್ಣಕ್ಕಿಂತ ನನಗೆ ಜಾಸ್ತಿ ಭಯ ಇರುವುದು ಬಿಳಿ ಕಲ್ಲಿನದ್ದು. ಹೂಕುಂಡಕ್ಕೆ ಹಾಕುವ ಬಿಳಿ ಚಿಪ್ಸ್ ಎಷ್ಟೋ ಕಡೆ ಅಕ್ವೇರಿಯಂ ಕಲ್ಲಾಗಿಯೂ ಮಾರಾಟ ಆಗುತ್ತದೆ. ಅದು ಹೆಚ್ಚಾಗಿ ಅಮೃತಶಿಲೆ. ಅಮೃತಶಿಲೆ ಎಂದರೆ ಸುಣ್ಣಕಲ್ಲೇ. ಗಡಸು ನೀರಿನ ಊರುಗಳಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ. ನಮ್ಮ ಬಾವಿ ನೀರಿನಲ್ಲಿ ಸುಮ್ಮನಿರುವುದಿಲ್ಲ. ವಿನೆಗರ್ ಒಂದು ಹನಿ ಬಿಟ್ಟು ನೋಡದೆ ಯಾವ ಬಿಳಿ ಕಲ್ಲನ್ನೂ ತರಬೇಡಿ. ಹಾಗೆಯೇ ಕಪ್ಪು ಮರಳಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ.

ಆಕ್ವಾ ಸಾಯಿಲ್ ಬೇರೆ ಜಾತಿ. ಮಣ್ಣನ್ನು ಸಣ್ಣ ಉಂಡೆ ಮಾಡಿ ಒಣಗಿಸಿದ್ದು, ಗಿಡಗಳಿಗೆ ಹಬ್ಬ. ಆದರೆ ಅದು ನೀರಿನ ಸುಣ್ಣ ಹೀರಿ ಪಿಎಚ್ ಇಳಿಸುತ್ತದೆ. ಗಡಸು ನೀರಿನವರು ಅದಕ್ಕೆಂದೇ ದುಬಾರಿ ಬೆಲೆ ಕೊಟ್ಟು ತರುತ್ತಾರೆ. ಮೊದಲೇ 6ರಲ್ಲಿರುವ ನಮ್ಮ ನೀರು ಇನ್ನೂ ಕೆಳಗಿಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಕಷ್ಟ. ಕೆಲವು ಸಾಯಿಲ್‌ಗಳು ಮೊದಲ ವಾರಗಳಲ್ಲಿ ಅಮೋನಿಯಾವನ್ನೂ ಬಿಡುತ್ತವೆ, ಆಗ ಮೀನು ಬಿಡಬಾರದು. ಗಿಡವೇ ಮುಖ್ಯ, ಮೀನು ನಾಲ್ಕೈದು ಸಣ್ಣವು ಸಾಕು ಎನ್ನುವವರು ತನ್ನಿ. ಉಳಿದವರು ಮರಳನ್ನೇ ಹಾಕಿ, ಗಿಡದ ಬುಡಕ್ಕೆ ಗೊಬ್ಬರದ ಗುಳಿಗೆ ಒತ್ತಿದರೆ ಆಯಿತು. ಮುರಕಲ್ಲಿನ ಪುಡಿಯನ್ನು ಗಿಡಕ್ಕೆಂದು ಮರಳಿನ ಅಡಿಗೆ ಹಾಕುವ ಪದ್ಧತಿ ಹೊರದೇಶಗಳಲ್ಲೂ ಇದೆ, ಕಬ್ಬಿಣ ಸಿಗುತ್ತದೆ ಎಂದು. ಹಿತ್ತಲಲ್ಲೇ ಇದೆಯಲ್ಲ ಎಂದು ಬುಟ್ಟಿಗಟ್ಟಲೆ ಸುರಿದರೆ, ಗಿಡ ಕೀಳುವಾಗಲೆಲ್ಲ ಟ್ಯಾಂಕು ಕೆಂಪಾಗುತ್ತದೆ.

ಮೀನು ಯಾವುದು ಎನ್ನುವುದೂ ಮುಖ್ಯ

ಕೋರಿಡೋರಸ್ ಮೀನು ಮರಳನ್ನು ಬಾಯಿಗೆ ತೆಗೆದುಕೊಂಡು ತಿನ್ನುವುದನ್ನು ಉಳಿಸಿಕೊಂಡು, ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಮೀಸೆಯಿಂದ ತಳ ತಡಕುತ್ತಲೇ ಇರುತ್ತದೆ. ಚೂಪು ಕಾಳು ಇದ್ದರೆ, ತಳ ಕೊಳಕಾಗಿದ್ದರೆ ಮೀಸೆ ಸವೆದು ಮೊಂಡಾಗುತ್ತದೆ. ಕೂಲಿ ಲೋಚ್ ಮರಳಿನೊಳಗೆ ಹುದುಗುತ್ತದೆ. ನಮ್ಮ ಹೊಳೆಗಳ ಸಣ್ಣ ಲೋಚ್‌ಗಳಿಗೂ ಇದೇ ಚಾಳಿ. ಇವಕ್ಕೆ ಫಿಲ್ಟರ್ ಮರಳು ಅಥವಾ ಜರಡಿ ಹಿಡಿದ ಹೊಳೆ ಮರಳು ಬಿಟ್ಟು ಬೇರೆ ಮಾತೇ ಇಲ್ಲ.

ಗೋಲ್ಡ್‌ಫಿಶ್ ಇದ್ದರೆ ಬಟಾಣಿ ಗಾತ್ರದ ಕಲ್ಲು ತಪ್ಪಿಸಿ. ಅದು ಕಲ್ಲನ್ನು ಬಾಯಿಗೆ ಹಾಕಿ ಉಗುಳುತ್ತದೆ, ಕೆಲವೊಮ್ಮೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮರಳು, ಇಲ್ಲವೇ ಬಾಯಿಗೆ ಹಿಡಿಯದಷ್ಟು ದೊಡ್ಡ ಕಲ್ಲು ಹಾಕಿ. ಏನೂ ಹಾಕದೆ ಬರೀ ಗಾಜಿನ ತಳ ಬಿಟ್ಟರೂ ತಪ್ಪಿಲ್ಲ. ಫ್ಲವರ್‌ಹಾರ್ನ್, ಆಸ್ಕರ್ ಸಾಕುವವರಲ್ಲಿ ಎಷ್ಟೋ ಮಂದಿ ಹಾಗೆಯೇ ಇಡುತ್ತಾರೆ. ಆ ಮೀನುಗಳು ತಳ ಅಗೆದು ಗುಡ್ಡ ಮಾಡುತ್ತವೆ, ಹೇಲೂ ಜಾಸ್ತಿ. ಅಳಿವೆಯ ಕರಿಮೀನು ಸಾಕುವವರಿಗೆ ಚಿಪ್ಪು ಬೆರೆತ ಮರಳಿನಿಂದ ತೊಂದರೆ ಇಲ್ಲ, ಅದು ಹುಟ್ಟಿ ಬೆಳೆದದ್ದೇ ಅಂಥ ತಳದ ಮೇಲೆ.

ಫೈಟರ್, ಗಪ್ಪಿ, ಏಂಜಲ್‌ಗೆ ತಳದ ಹಂಗಿಲ್ಲ. ಅಲ್ಲಿ ನೋಡಬೇಕಾದದ್ದು ಪಿಎಚ್ ಮಾತ್ರ.

ಎಷ್ಟು ಬೇಕು, ಹೇಗೆ ಹಾಕಬೇಕು

ಎರಡು ಅಡಿ ಉದ್ದ, ಒಂದು ಅಡಿ ಅಗಲದ ಟ್ಯಾಂಕಿಗೆ 3 ಸೆಂಟಿಮೀಟರ್ ದಪ್ಪ ಹಾಸಲು ಸುಮಾರು ಐದೂವರೆ ಲೀಟರ್ ಮರಳು ಬೇಕು. ತೂಕದಲ್ಲಿ 8 ಕಿಲೋ ಚಿಲ್ಲರೆ. 5 ಸೆಂಟಿಮೀಟರ್ ದಾಟಿಸಬೇಡಿ. ದಪ್ಪ ಮರಳಿನ ಅಡಿಗೆ ಗಾಳಿ ಹೋಗುವುದಿಲ್ಲ, ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸ್ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆರಳಿನಿಂದ ಮೇಲ್ಮೇಲೆ ಕೆದಕಿದರೆ ಸಾಕು. ಮರಳಿನೊಳಗೆ ಓಡಾಡುವ ಮಲೇಷಿಯನ್ ಟ್ರಂಪೆಟ್ ಬಸವನಹುಳ ನಾಲ್ಕು ಬಿಟ್ಟರೆ ಆ ಕೆಲಸವನ್ನು ಅವೇ ಮಾಡುತ್ತವೆ. ಆದರೆ ಆಹಾರ ಜಾಸ್ತಿ ಹಾಕಿದರೆ ನಾಲ್ಕು ನಾನೂರು ಆಗುತ್ತದೆ.

ಹಳೆ ಟ್ಯಾಂಕಿನಲ್ಲಿ ಕಲ್ಲಿನ ಅಡಿ ತೂತಿನ ಪ್ಲಾಸ್ಟಿಕ್ ತಟ್ಟೆಯ ಫಿಲ್ಟರ್ ಇದ್ದರೆ ಮರಳು ಹಾಕುವ ಮೊದಲು ಅದನ್ನು ತೆಗೆಯಿರಿ. ಮರಳು ತೂತಿಗೆ ಇಳಿದು ಅದು ಕಟ್ಟಿಕೊಳ್ಳುತ್ತದೆ. ಅದರ ಬದಲು ಸ್ಪಂಜ್ ಫಿಲ್ಟರ್ ಹಾಕಿ.

ತೊಳೆಯುವಾಗ ಬಕೆಟಿನ ಕಾಲು ಭಾಗ ಮಾತ್ರ ಮರಳು ತುಂಬಿ. ಪೈಪು ತಳಕ್ಕೆ ಮುಟ್ಟಿಸಿ ಜೋರಾಗಿ ನೀರು ಬಿಡಿ, ಕೈಯಾಡಿಸಿ, ಮೇಲಿನ ಕೆಸರು ನೀರನ್ನು ಚೆಲ್ಲಿ. ತಿಳಿಯಾಗುವವರೆಗೂ ಹೀಗೆ ಮಾಡುತ್ತಿರಿ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದು ತೊಳೆದರೆ ಬಾವಿ ಪಂಪಿನ ಕರೆಂಟೂ ಉಳಿಯುತ್ತದೆ. ಚೆಲ್ಲಿದ ಕೆಸರನ್ನು ತೆಂಗಿನ ಬುಡಕ್ಕೆ ಬಿಡಿ, ಸಿಂಕಿಗೆ ಬಿಟ್ಟರೆ ಪೈಪು ಕಟ್ಟುತ್ತದೆ.

ಟ್ಯಾಂಕಿಗೆ ಒದ್ದೆ ಮರಳನ್ನೇ ಹಾಕಿ ಸಮ ಮಾಡಿ. ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಬಿಟ್ಟರೆ ಮರಳು ಏಳುವುದಿಲ್ಲ. ಮಸುಕು ಪೂರ್ತಿ ಕೂರುವವರೆಗೆ ಪಂಪ್ ಹಾಕಬೇಡಿ. ಫಿಲ್ಟರಿನ ಬಾಯಿ ಮರಳಿನಿಂದ ನಾಲ್ಕು ಬೆರಳಾದರೂ ಮೇಲಿರಲಿ. ಮೊದಲ ಕೆಲವು ವಾರ ಗಾಜಿನ ಮೇಲೆ, ಮರಳಿನ ಮೇಲೆ ಕಂದು ಪುಡಿಯಂಥ ಪಾಚಿ ಬರುತ್ತದೆ. ಹೊಸ ಟ್ಯಾಂಕಿನಲ್ಲಿ ಅದು ಇರುವುದೇ, ಸ್ಪಂಜಿನಿಂದ ಒರೆಸಿ. ತಾನಾಗಿ ಕಡಿಮೆ ಆಗುತ್ತದೆ. ಅದಕ್ಕೆಂದು ಮರಳು ತೆಗೆದು ಮತ್ತೆ ತೊಳೆಯಲು ಹೋಗಬೇಡಿ, ಆಗಷ್ಟೇ ಹಿಡಿದಿದ್ದ ಬ್ಯಾಕ್ಟೀರಿಯಾಗಳೂ ಅದರ ಜೊತೆ ಹೋಗುತ್ತವೆ.